ಪಿಎಲ್‌ಸಿ ಮೆಮೊರಿ ವಿಳಾಸ: ಕಾಗದದ ಮೇಲಿನ ಹೆಸರಿನಿಂದ ತಂತಿಯ ಮೇಲಿನ ಸಂಖ್ಯೆವರೆಗೆ

ಮೀಟರ್‌ನಿಂದ ಪ್ಯಾನೆಲ್‌ಗೆ ಕೇಬಲ್ ಎಳೆದಾಗಿದೆ. ಬಾಡ್ ರೇಟ್, ಪ್ಯಾರಿಟಿ, ಸ್ಲೇವ್ ನಂಬರ್ ಎಲ್ಲ ಸರಿ ಇದೆ. ಟಿಎಕ್ಸ್, ಆರ್‌ಎಕ್ಸ್ ಲೈಟುಗಳು ಮಿನುಗುತ್ತಿವೆ. ಆದರೂ ಸ್ಕಾಡಾದಲ್ಲಿ (ಯಂತ್ರಗಳನ್ನು ದೂರದಿಂದ ನೋಡಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ವೋಲ್ಟೇಜ್ ಜಾಗದಲ್ಲಿ ಕರೆಂಟ್ ಕಾಣುತ್ತದೆ, ಇಲ್ಲವೇ 230 ಬರಬೇಕಾದ ಕಡೆ ಬರೀ ಸೊನ್ನೆ. ಇಂಥ ಹೊತ್ತಲ್ಲಿ ಜನ ಮೊದಲು ಕೇಬಲ್ ಬದಲಿಸುತ್ತಾರೆ, ಆಮೇಲೆ ಕನ್ವರ್ಟರ್ ಬದಲಿಸುತ್ತಾರೆ. ಆದರೆ ಉತ್ತರ ಬರುತ್ತಿದೆ ಅಂದಮೇಲೆ ತಂತಿ ಸರಿಯಾಗಿಯೇ ಇದೆ ಅಲ್ವಾ? ನೀವು ಕೇಳಿದ ವಿಳಾಸ ತಪ್ಪಿದೆ, ಅಥವಾ ಬಂದ ಬೈಟುಗಳನ್ನು ಜೋಡಿಸಿದ ಕ್ರಮ ತಪ್ಪಿದೆ.

ಮ್ಯಾನ್ಯುಯಲ್‌ನಲ್ಲಿ ಅಚ್ಚಾಗಿರುವ ವಿಳಾಸ ಮನುಷ್ಯರಿಗಾಗಿ ಇಟ್ಟ ಹೆಸರು. ತಂತಿಯ ಮೇಲೆ ಹೋಗುವ ಸಂಖ್ಯೆ ಬೇರೆ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯುವುದು ಕಲಿತರೆ ಯಾವ ಕಂಪನಿಯ ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಎದುರಾದರೂ ಕೈ ನಡುಗುವುದಿಲ್ಲ. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಮಾಡೋಣ. ಉಪಕರಣಗಳು ಪರಸ್ಪರ ಮಾತಾಡುವ ಮಾಡ್‌ಬಸ್ ಎಂಬ ಭಾಷೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ನಮ್ಮ ಸೈಟುಗಳಲ್ಲಿ ಎನರ್ಜಿ ಮೀಟರ್, ಡ್ರೈವ್, ಟೆಂಪರೇಚರ್ ಕಂಟ್ರೋಲರ್ ಹೆಚ್ಚಾಗಿ ಮಾತಾಡುವುದು ಅದನ್ನೇ.

ಮೊದಲ ಹಂತ: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಯಾವುದೇ ವಿಳಾಸ ಕೈಗೆ ಬಂದಾಗ ಮೊದಲು ಇಷ್ಟು ನೋಡಿ. ಅದು ಯಾವ ಏರಿಯಾದ್ದು: ಇನ್‌ಪುಟ್ಟೋ, ಔಟ್‌ಪುಟ್ಟೋ, ಒಳಗಿನ ಮೆಮೊರಿಯೋ, ಡೇಟಾ ಬ್ಲಾಕೋ? ಎಣಿಕೆ ಯಾವುದರಲ್ಲಿ: ಬಿಟ್, ಬೈಟ್ (8 ಬಿಟ್), ಅಥವಾ ವರ್ಡ್ (16 ಬಿಟ್)? ಎಣಿಕೆ 0ಯಿಂದ ಶುರುವೋ 1ರಿಂದಲೋ, ಮತ್ತು ಅಂಕಿ ಡೆಸಿಮಲ್ಲೋ (ಹತ್ತರ ಎಣಿಕೆ), ಆಕ್ಟಲ್ಲೋ (ಎಂಟರದ್ದು), ಹೆಕ್ಸೋ (ಹದಿನಾರರದ್ದು)? ಕೊನೆಯದಾಗಿ, ಬೆಲೆ ಒಂದಕ್ಕಿಂತ ಹೆಚ್ಚು ಬೈಟ್‌ನಲ್ಲಿ ಕೂತಿದ್ದರೆ ಯಾವ ಬೈಟ್ ಮೊದಲು ಬರುತ್ತದೆ?

ಈ ನಾಲ್ಕಕ್ಕೂ ಉತ್ತರ ಇಲ್ಲದೆ ಸಾಫ್ಟ್‌ವೇರ್‌ನಲ್ಲಿ ನಂಬರ್ ಹಾಕುತ್ತಾ ಹೋಗುವುದು ಸುಮ್ನೆ ಕಾಲಹರಣ. ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಇರುವ ಅಡ್ರೆಸ್ ಮ್ಯಾಪ್ ತೆಗೆದು, ಅದರ ಮೇಲೆಯೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಮ್ಯಾಪ್‌ನ ಮೊದಲ ವಿಳಾಸ 0 ಆಗಿದ್ದರೆ ಅದು ತಂತಿಯ ಮೇಲೆ ಹೋಗುವ ಸಂಖ್ಯೆಯೇ. 40001 ಅಥವಾ 30001 ಎಂದಿದ್ದರೆ ಅದು ಬಹುತೇಕ ಹೆಸರು. ಸುಮ್ಮನೆ 1 ಎಂದಿದ್ದರೆ ಪರೀಕ್ಷೆ ಮಾಡದೆ ಏನೂ ಹೇಳಲಾಗದು.

ಎರಡನೇ ಹಂತ: ಮಾಡ್‌ಬಸ್‌ನ ನಾಲ್ಕು ಕೋಷ್ಟಕ

ಮಾಡ್‌ಬಸ್ ಅನ್ನು ಮೋಡಿಕಾನ್ ಕಂಪನಿ 1979ರಲ್ಲಿ ತನ್ನ ಪಿಎಲ್‌ಸಿಗಳಿಗಾಗಿ ಹೊರತಂದಿತು. ಅದರಲ್ಲಿ ನಾಲ್ಕು ಕೋಷ್ಟಕಗಳಿವೆ. 0ಯಿಂದ ಶುರುವಾಗುವ ಹೆಸರು ಕಾಯಿಲ್‌ಗಳದ್ದು: ಒಂದು ಬಿಟ್, ಓದಬಹುದು, ಬರೆಯಬಹುದು. 1ರಿಂದ ಶುರುವಾದರೆ ಡಿಸ್ಕ್ರೀಟ್ ಇನ್‌ಪುಟ್: ಒಂದು ಬಿಟ್, ಓದಲು ಮಾತ್ರ. 3 ಇನ್‌ಪುಟ್ ರಿಜಿಸ್ಟರ್‌ಗಳದ್ದು: 16 ಬಿಟ್, ಓದಲು ಮಾತ್ರ. 4 ಹೋಲ್ಡಿಂಗ್ ರಿಜಿಸ್ಟರ್‌ಗಳದ್ದು: 16 ಬಿಟ್, ಓದಲೂ ಬರೆಯಲೂ ಆಗುತ್ತದೆ.

ಗಮನಿಸಬೇಕಾದ್ದು ಏನೆಂದರೆ, ಈ ಮೊದಲ ಅಂಕಿ ತಂತಿಯ ಮೇಲೆ ಹೋಗುವುದೇ ಇಲ್ಲ. ಅದರ ಕೆಲಸವನ್ನು ಫಂಕ್ಷನ್ ಕೋಡ್ ಮಾಡುತ್ತದೆ. ಕಾಯಿಲ್ ಓದಲು 01, ಡಿಸ್ಕ್ರೀಟ್ ಇನ್‌ಪುಟ್ ಓದಲು 02, ಹೋಲ್ಡಿಂಗ್ ರಿಜಿಸ್ಟರ್ ಓದಲು 03, ಇನ್‌ಪುಟ್ ರಿಜಿಸ್ಟರ್ ಓದಲು 04. ಬರೆಯಲು ಒಂದು ಕಾಯಿಲ್‌ಗೆ 05, ಒಂದು ರಿಜಿಸ್ಟರ್‌ಗೆ 06, ಹಲವು ಕಾಯಿಲ್‌ಗಳಿಗೆ 15, ಹಲವು ರಿಜಿಸ್ಟರ್‌ಗಳಿಗೆ 16.

ಇನ್ನೊಂದು ಮಾತು. ಹೆಸರಿನ ಎಣಿಕೆ 1ರಿಂದ, ಫ್ರೇಮ್ (ತಂತಿಯ ಮೇಲೆ ಹೋಗುವ ಒಂದು ಸಂದೇಶ) ಒಳಗಿನ ಎಣಿಕೆ 0ಯಿಂದ. ಇದು ಯಾರೋ ಒಬ್ಬರ ಅಭ್ಯಾಸವಲ್ಲ, ಮಾಡ್‌ಬಸ್ ನಿಯಮದಲ್ಲೇ ಹಾಗಿದೆ. ಹಾಗಾಗಿ 40001 ಎಂದರೆ ಫಂಕ್ಷನ್ ಕೋಡ್ 03, ವಿಳಾಸ 0. 40100 ಎಂದರೆ ಕೋಡ್ 03, ವಿಳಾಸ 99. ಐದು ಅಂಕಿಯ ಬರವಣಿಗೆಯಲ್ಲಿ 49999ರವರೆಗೆ ಮಾತ್ರ ಹೋಗಬಹುದು. ಫ್ರೇಮ್‌ನಲ್ಲಿ ವಿಳಾಸಕ್ಕೆ 16 ಬಿಟ್ ಇರುವುದರಿಂದ 65536 ರಿಜಿಸ್ಟರ್ ಸಾಧ್ಯ. ಅದಕ್ಕೇ 400001ರಿಂದ 465536ರವರೆಗಿನ ಆರು ಅಂಕಿಯ ಬರವಣಿಗೆ ಬಂದಿದೆ. 40100 ಮತ್ತು 400100 ಎರಡೂ ಒಂದೇ ರಿಜಿಸ್ಟರ್.

ಈಗ ಒಂದು ಫ್ರೇಮನ್ನು ಹತ್ತಿರದಿಂದ ನೋಡೋಣ. ಮಾಡ್‌ಬಸ್ ಟಿಸಿಪಿಯಲ್ಲಿ, ಪೋರ್ಟ್ 502ರ ಮೇಲೆ, 40100ರಿಂದ ಎರಡು ರಿಜಿಸ್ಟರ್ ಕೇಳಿದರೆ ಹೋಗುವ ಬೈಟುಗಳು ಹೆಕ್ಸ್‌ನಲ್ಲಿ ಹೀಗಿರುತ್ತವೆ:

00 01 00 00 00 06 01 03 00 63 00 02

ಮೊದಲ ಎರಡು ಬೈಟ್ ವಹಿವಾಟಿನ ಸಂಖ್ಯೆ. ಆಮೇಲಿನ ಎರಡು ಯಾವಾಗಲೂ ಸೊನ್ನೆ. 00 06 ಎಂದರೆ ಮುಂದೆ ಆರು ಬೈಟ್ ಇವೆ ಎಂದು. 01 ಯೂನಿಟ್ ನಂಬರ್, 03 ಫಂಕ್ಷನ್ ಕೋಡ್. ಅದರ ಮುಂದಿನ 00 63 ನಮ್ಮ ವಿಳಾಸ. ಹೆಕ್ಸ್ 63 ಎಂದರೆ 6 ಸಲ 16, ಮೇಲೆ 3, ಅಂದರೆ 99. ಕೊನೆಯ 00 02 ಎಷ್ಟು ರಿಜಿಸ್ಟರ್ ಬೇಕು ಎಂಬುದು. ಈ ಫ್ರೇಮ್‌ನಲ್ಲಿ ಎಲ್ಲಿಯೂ 40100 ಇಲ್ಲ ನೋಡಿ.

ಉತ್ತರ ಹೀಗೆ ಬಂತು ಅಂದುಕೊಳ್ಳಿ:

00 01 00 00 00 07 01 03 04 43 66 00 00

04 ಎಂದರೆ ನಾಲ್ಕು ಬೈಟ್ ಡೇಟಾ. ಡೇಟಾ 43 66 00 00. ಇದು 230.0 ವೋಲ್ಟ್. ಹೇಗೆ ಎಂಬುದು ಮುಂದಿನ ಹಂತದಲ್ಲಿ.

ಅದಕ್ಕೂ ಮೊದಲು ನಿಮ್ಮ ಸಾಫ್ಟ್‌ವೇರ್ ಯಾವ ಎಣಿಕೆ ಬಳಸುತ್ತದೆ ಎಂದು ತಿಳಿದುಕೊಳ್ಳಿ. ಪೈಮಾಡ್‌ಬಸ್ ಲೈಬ್ರರಿಗೆ ನೀವು ಕೊಟ್ಟ ಸಂಖ್ಯೆಯೇ ತಂತಿಗೆ ಹೋಗುತ್ತದೆ, ಅಂದರೆ 99 ಕೊಡಬೇಕು. ಮಾಡ್‌ಬಸ್ ಪೋಲ್‌ನಲ್ಲಿ ಬೇಸ್ 0, ಬೇಸ್ 1 ಎರಡೂ ಆಯ್ಕೆ ಇದೆ. ಅನೇಕ ಎಚ್‌ಎಂಐಗಳು (ಯಂತ್ರದ ಬಳಿಯ ಆಪರೇಟರ್ ಪರದೆಗಳು) 40100 ಎಂದೇ ಬರೆಸಿಕೊಂಡು ಒಳಗೆ ತಾವೇ ಕಳೆಯುತ್ತವೆ. ನೀವೂ ಸಾಫ್ಟ್‌ವೇರೂ ಇಬ್ಬರೂ ಒಂದು ಕಳೆದರೆ 98ಕ್ಕೆ ಹೋಗುತ್ತದೆ, ಯಾರೂ ಕಳೆಯದಿದ್ದರೆ 100ಕ್ಕೆ. ಪಕ್ಕದ ರಿಜಿಸ್ಟರ್‌ನ ಬೆಲೆ ಬರುವುದಕ್ಕೆ ಕಾರಣ ಇದೇ. ಅನುಮಾನ ಇದ್ದರೆ ನೆಟ್‌ವರ್ಕ್‌ನಲ್ಲಿ ಹೋಗುವ ಬೈಟುಗಳನ್ನು ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್ ಹಾಕಿ ನೋಡಿ. ಅದು ಮಾಡ್‌ಬಸ್ ಫ್ರೇಮ್ ಬಿಡಿಸಿ, ರೆಫರೆನ್ಸ್ ನಂಬರ್ ಎಂಬ ಹೆಸರಿನಲ್ಲಿ ನಿಜವಾಗಿ ಹೋದ ವಿಳಾಸವನ್ನು ತೋರಿಸುತ್ತದೆ. ಅಲ್ಲಿಗೆ ವಾದ ಮುಗಿಯಿತು.

ಈ ನಿಯಮ ಕಲಿತವರು ಎಡವುವ ಜಾಗವೂ ಒಂದಿದೆ. ಸೋಲಾರ್ ಇನ್ವರ್ಟರ್‌ಗಳಲ್ಲಿ ಕಾಣುವ ಸನ್‌ಸ್ಪೆಕ್ ಮ್ಯಾಪ್‌ನಲ್ಲಿ 40000 ಎಂಬುದು ಹೆಸರಲ್ಲ, ತಂತಿಯ ಮೇಲೆ ಹೋಗಬೇಕಾದ ವಿಳಾಸವೇ. ಆ ಮ್ಯಾಪ್ 0, 40000, 50000 ಈ ಮೂರರಲ್ಲಿ ಒಂದು ಕಡೆ ಶುರುವಾಗುತ್ತದೆ. ಶುರುವಿನ ಎರಡು ರಿಜಿಸ್ಟರ್‌ಗಳಲ್ಲಿ ಗುರುತಿನ ನಾಲ್ಕು ಅಕ್ಷರ ಕೂತಿರುತ್ತವೆ. ಡೆಸಿಮಲ್‌ನಲ್ಲಿ ಓದಿದರೆ 21365 ಮತ್ತು 28243. ಆ ಎರಡು ಸಂಖ್ಯೆ ಕಂಡರೆ ಸರಿಯಾದ ಜಾಗ ಸಿಕ್ಕಿತು ಎಂದರ್ಥ. ಎಲ್ಲ ಉಪಕರಣಗಳಲ್ಲೂ ಇಂಥ ಗುರುತು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಮೂರನೇ ಹಂತ: 32 ಬಿಟ್ ಬೆಲೆ, ಬೈಟ್‌ಗಳ ಕ್ರಮ

ಮಾಡ್‌ಬಸ್ ರಿಜಿಸ್ಟರ್ 16 ಬಿಟ್‌ನದು. ಅದರೊಳಗೆ ದೊಡ್ಡ ಬೈಟ್ ಮೊದಲು ಬರಬೇಕು ಎಂದು ನಿಯಮ ಹೇಳುತ್ತದೆ. ಆದರೆ ಫ್ಲೋಟ್ (ದಶಮಾಂಶ ಬಿಂದು ಇರುವ ಸಂಖ್ಯೆ), 32 ಬಿಟ್ ಇಂಟಿಜರ್ (ಪೂರ್ಣ ಸಂಖ್ಯೆ) ಗಳಿಗೆ ಎರಡು ರಿಜಿಸ್ಟರ್ ಬೇಕು. ಅವುಗಳಲ್ಲಿ ಯಾವುದು ಮೊದಲು ಎಂದು ನಿಯಮ ಹೇಳಿಲ್ಲ. ಹಾಗಾಗಿ ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಮಾಡಿಕೊಂಡಿದೆ.

230.0 ಅನ್ನು ಫ್ಲೋಟ್ ಆಗಿ ಬರೆದರೆ ಹೆಕ್ಸ್‌ನಲ್ಲಿ 43 66 00 00. ದೊಡ್ಡ ವರ್ಡ್ ಮೊದಲು ಕಳಿಸುವ ಮೀಟರ್‌ನಿಂದ ಇದೇ ಕ್ರಮದಲ್ಲಿ ಬರುತ್ತದೆ. ಚಿಕ್ಕ ವರ್ಡ್ ಮೊದಲು ಕಳಿಸುವ ಮೀಟರ್‌ನಿಂದ 00 00 43 66 ಬರುತ್ತದೆ. ಇದನ್ನು ಹಾಗೇ ಫ್ಲೋಟ್ ಎಂದು ಓದಿದರೆ ಸೊನ್ನೆಗೆ ತೀರಾ ಹತ್ತಿರದ ಒಂದು ಸಂಖ್ಯೆ, ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆ ಇರುವಂಥದ್ದು. ಪರದೆಯಲ್ಲಿ 0.00 ಎಂದೇ ಕಾಣುತ್ತದೆ. ‘ಮೀಟರ್‌ನಿಂದ ಸೊನ್ನೆ ಬರ್ತಿದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದು. ಪ್ರತಿ ವರ್ಡ್ ಒಳಗೆ ಬೈಟ್ ಅದಲುಬದಲಾದರೆ 66 43 00 00 ಆಗುತ್ತದೆ. ಆಗ ಬರುವ ಸಂಖ್ಯೆ 2.3ರ ಮುಂದೆ 10ರ 23ನೇ ಘಾತ.

ಈ ಎರಡು ಲಕ್ಷಣ ನೆನಪಿಟ್ಟುಕೊಳ್ಳಿ. ಉತ್ತರ ಬರುತ್ತಿದೆ, ಬೆಲೆ 0.00 ಎಂದರೆ ಮೊದಲು ವರ್ಡ್ ಸ್ವಾಪ್ ಪ್ರಯತ್ನಿಸಿ. ನಂಬಲಾಗದಷ್ಟು ದೊಡ್ಡ ಸಂಖ್ಯೆ ಬಂದರೆ ಬೈಟ್ ಸ್ವಾಪ್ ಇರಬಹುದು, ಅಥವಾ ಒಂದು ರಿಜಿಸ್ಟರ್ ಆಚೀಚೆ ಆಗಿ ಎರಡು ಬೇರೆ ಫ್ಲೋಟ್‌ಗಳ ಅರ್ಧರ್ಧ ಸೇರಿರಬಹುದು.

ಇಂಟಿಜರ್‌ನಲ್ಲಿ ಬರುವ ತೊಂದರೆ ಚಿಹ್ನೆಯದ್ದು. ಕೋಲ್ಡ್ ಸ್ಟೋರೇಜ್‌ನ ಕಂಟ್ರೋಲರ್ 65486 ತೋರಿಸುತ್ತಿದ್ದರೆ ಗಾಬರಿ ಬೇಡ. 65536ರಿಂದ ಕಳೆದರೆ 50, ಅಂದರೆ ಬೆಲೆ ಮೈನಸ್ 50. ಹತ್ತರಿಂದ ಭಾಗಿಸುವ ಸ್ಕೇಲ್ ಇದ್ದರೆ ಮೈನಸ್ 5.0 ಡಿಗ್ರಿ. ಡೇಟಾ ಟೈಪನ್ನು ಸೈನ್ಡ್ ಎಂದು ಬದಲಿಸಿದರೆ ಸಾಕು.

ನಾಲ್ಕನೇ ಹಂತ: ನಿಮ್ಮ ಪಿಎಲ್‌ಸಿಯ ಪದ್ಧತಿ

ಸೀಮೆನ್ಸ್. ಎಸ್7 ಕುಟುಂಬದಲ್ಲಿ ಎಣಿಕೆ ಯಾವಾಗಲೂ ಬೈಟ್‌ನಲ್ಲಿ. ಎಂಬಿ10 ಎಂದರೆ ಹತ್ತನೇ ಬೈಟ್. ಎಂಡಬ್ಲ್ಯೂ10 ಎಂದರೆ 10 ಮತ್ತು 11ನೇ ಬೈಟ್‌ಗಳು. ಎಂಡಿ10 ಎಂದರೆ 10ರಿಂದ 13. ಹಾಗಾದರೆ ಎಂಡಬ್ಲ್ಯೂ11 ಯಾವುದು? 11 ಮತ್ತು 12ನೇ ಬೈಟ್. ಅಂದರೆ ಎಂಡಬ್ಲ್ಯೂ10ರ ಅರ್ಧ ಭಾಗ ಅದರಲ್ಲಿದೆ. ಒಂದಕ್ಕೆ ಬರೆದರೆ ಇನ್ನೊಂದು ಕೆಡುತ್ತದೆ. ವರ್ಡ್‌ಗಳಿಗೆ ಎರಡೆರಡು ಬಿಟ್ಟು, ಡಬಲ್ ವರ್ಡ್‌ಗಳಿಗೆ ನಾಲ್ಕು ನಾಲ್ಕು ಬಿಟ್ಟು ವಿಳಾಸ ಕೊಡುವ ಶಿಸ್ತು ಇಲ್ಲಿ ಕಡ್ಡಾಯ.

ಸೀಮೆನ್ಸ್‌ನಲ್ಲಿ ದೊಡ್ಡ ಬೈಟ್ ಚಿಕ್ಕ ವಿಳಾಸದಲ್ಲಿ ಕೂರುತ್ತದೆ. ಎಂಡಬ್ಲ್ಯೂ10ಕ್ಕೆ 1 ಬರೆದರೆ ಆನ್ ಆಗುವ ಬಿಟ್ ಎಂ10.0 ಅಲ್ಲ, ಎಂ11.0. ಎಂ10.0 ಆನ್ ಆಗಬೇಕಾದರೆ 256 ಬರೆಯಬೇಕು. ಅಲಾರ್ಮ್ ವರ್ಡ್ ಮಾಡಿ ಎಚ್‌ಎಂಐಗೆ ಕೊಟ್ಟಾಗ ಎಂಟೆಂಟು ಅಲಾರ್ಮ್‌ಗಳು ಅದಲುಬದಲಾಗಿ ಕಾಣುವುದು ಇದರಿಂದಲೇ.

ತಂತಿಯ ಮೇಲೆ ಎಸ್7 ಪ್ರೊಟೊಕಾಲ್ ಪೋರ್ಟ್ 102ರಲ್ಲಿ ಹೋಗುತ್ತದೆ. ಏರಿಯಾಗೆ ಒಂದು ಬೈಟ್ ಕೋಡ್: ಇನ್‌ಪುಟ್‌ಗೆ ಹೆಕ್ಸ್ 81, ಔಟ್‌ಪುಟ್‌ಗೆ 82, ಎಂ ಮೆಮೊರಿಗೆ 83, ಡೇಟಾ ಬ್ಲಾಕ್‌ಗೆ 84. ವಿಳಾಸ ಮೂರು ಬೈಟ್, ಮತ್ತು ಅದು ಬಿಟ್‌ಗಳ ಲೆಕ್ಕದಲ್ಲಿ. ಬೈಟ್ ನಂಬರನ್ನು ಎಂಟರಿಂದ ಗುಣಿಸಿ ಬಿಟ್ ನಂಬರ್ ಕೂಡಬೇಕು. ಡಿಬಿ10.ಡಿಬಿಎಕ್ಸ್4.3 ಎಂದರೆ 4 ಸಲ 8, ಕೂಡಿಸು 3, ಅಂದರೆ 35, ಹೆಕ್ಸ್‌ನಲ್ಲಿ 00 00 23. ಡಿಬಿ10.ಡಿಬಿಡಬ್ಲ್ಯೂ4 ಎಂದರೆ 32, ಹೆಕ್ಸ್‌ನಲ್ಲಿ 00 00 20. ಲೈಬ್ರರಿ ಬಳಸುವವರಿಗೆ ಈ ಗುಣಾಕಾರ ಬೇಕಾಗುವುದಿಲ್ಲ, ಆದರೆ ವೈರ್‌ಶಾರ್ಕ್‌ನಲ್ಲಿ ಕಚ್ಚಾ ಬೈಟುಗಳನ್ನು ನೋಡುವಾಗ ಗೊತ್ತಿರಬೇಕು.

1200 ಮತ್ತು 1500ರಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಹೊಸ ಡೇಟಾ ಬ್ಲಾಕ್ ಮಾಡಿದರೆ ಅದು ‘ಆಪ್ಟಿಮೈಸ್ಡ್’ ಆಗಿಯೇ ಹುಟ್ಟುತ್ತದೆ. ಅಂಥ ಬ್ಲಾಕ್‌ಗೆ ಆಫ್‌ಸೆಟ್ ವಿಳಾಸವೇ ಇರುವುದಿಲ್ಲ, ಹೊರಗಿನವರು ಡಿಬಿಡಬ್ಲ್ಯೂ4 ಎಂದು ಕೇಳಿದರೆ ಸಿಗುವುದಿಲ್ಲ. ಬ್ಲಾಕ್‌ನ ಪ್ರಾಪರ್ಟಿಯಲ್ಲಿ ಆ ಟಿಕ್ ತೆಗೆದು ಕಂಪೈಲ್ ಮಾಡಿದ ಮೇಲೆ ಆಫ್‌ಸೆಟ್ ಕಾಲಂ ತುಂಬಿಕೊಳ್ಳುತ್ತದೆ. ಜೊತೆಗೆ ಸಿಪಿಯು ಪ್ರಾಪರ್ಟಿಯಲ್ಲಿ ಪುಟ್-ಗೆಟ್ ಅನುಮತಿ ಕೊಡಬೇಕು. ಎರಡು ಎಚ್ಚರಿಕೆ. ಬ್ಲಾಕ್‌ನ ಸ್ವರೂಪ ಬದಲಿಸಿ ಡೌನ್‌ಲೋಡ್ ಮಾಡಿದರೆ ಅದರಲ್ಲಿದ್ದ ಬೆಲೆಗಳು ಸ್ಟಾರ್ಟ್ ವ್ಯಾಲ್ಯೂಗೆ ಮರಳುತ್ತವೆ, ಹಾಗಾಗಿ ಓಡುತ್ತಿರುವ ಯಂತ್ರದ ಮೇಲೆ ಇದನ್ನು ಮಾಡಬೇಡಿ. ಇನ್ನು, ಪುಟ್-ಗೆಟ್ ಅನುಮತಿ ಇಡೀ ಸಿಪಿಯುಗೆ ಅನ್ವಯ. ಆ ನೆಟ್‌ವರ್ಕ್‌ನಲ್ಲಿ ಇರುವ ಯಾರು ಬೇಕಾದರೂ ಬರೆಯಬಹುದು. 1500 ಇದ್ದರೆ ಓಪಿಸಿ ಯುಎ ಎಂಬ ಪ್ರೊಟೊಕಾಲ್ ಮೂಲಕ ಹೆಸರಿನಿಂದಲೇ ಓದುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಸ್ಟ್ರಿಂಗ್ ಓದುವವರು ಮೊದಲ ಎರಡು ಬೈಟ್ ಮರೆಯಬೇಡಿ. ಒಂದು ಗರಿಷ್ಠ ಉದ್ದ, ಇನ್ನೊಂದು ಈಗಿನ ಉದ್ದ. 20 ಅಕ್ಷರದ ಸ್ಟ್ರಿಂಗ್ 22 ಬೈಟ್ ತಿನ್ನುತ್ತದೆ. ಹಳೆಯ ಜರ್ಮನ್ ಡ್ರಾಯಿಂಗ್ ಕೈಗೆ ಬಂದರೆ ಐ ಜಾಗದಲ್ಲಿ ಇ, ಕ್ಯೂ ಜಾಗದಲ್ಲಿ ಎ ಎಂದಿರುತ್ತದೆ, ವಿಳಾಸದ ಲೆಕ್ಕ ಅದೇ.

ಮಿತ್ಸುಬಿಷಿ ಮತ್ತು ಡೆಲ್ಟಾ. ಡಿ ರಿಜಿಸ್ಟರ್‌ಗಳು 16 ಬಿಟ್‌ನವು, ಎಣಿಕೆ ವರ್ಡ್‌ನಲ್ಲಿ, ಡೆಸಿಮಲ್‌ನಲ್ಲಿ. ಡಿ100ರ ಪಕ್ಕ ಡಿ101, ಒಂದರ ಮೇಲೊಂದು ಬೀಳುವುದಿಲ್ಲ. ಇಲ್ಲಿಯವರೆಗೆ ಸುಲಭ. ಕಷ್ಟ ಇರುವುದು ಎಕ್ಸ್ (ಇನ್‌ಪುಟ್) ಮತ್ತು ವೈ (ಔಟ್‌ಪುಟ್) ಗಳಲ್ಲಿ. ಎಫ್‌ಎಕ್ಸ್ ಸರಣಿಯಲ್ಲಿ ಅವು ಆಕ್ಟಲ್: ಎಕ್ಸ್7 ಆದಮೇಲೆ ಎಕ್ಸ್10, ಎಕ್ಸ್8 ಎಂಬುದೇ ಇಲ್ಲ. ಕ್ಯೂ ಸರಣಿಯಲ್ಲಿ ಅವು ಹೆಕ್ಸ್. ಹಾಗಾಗಿ ಎಕ್ಸ್10 ಎಂದರೆ ಎಫ್‌ಎಕ್ಸ್‌ನಲ್ಲಿ ಒಂಬತ್ತನೇ ಇನ್‌ಪುಟ್, ಕ್ಯೂನಲ್ಲಿ ಹದಿನೇಳನೆಯದು. ಹಳೆಯ ಎಫ್‌ಎಕ್ಸ್ ತೆಗೆದು ಕ್ಯೂ ಹಾಕುವ ಕೆಲಸದಲ್ಲಿ ವೈರಿಂಗ್ ಪಟ್ಟಿಯನ್ನು ಸಾಲು ಸಾಲಾಗಿ ಪರಿವರ್ತಿಸಲೇಬೇಕು.

32 ಬಿಟ್ ಬೆಲೆ ಡಿ100ರಲ್ಲಿ ಇಟ್ಟರೆ ಚಿಕ್ಕ ವರ್ಡ್ ಡಿ100ಕ್ಕೆ, ದೊಡ್ಡ ವರ್ಡ್ ಡಿ101ಕ್ಕೆ ಹೋಗುತ್ತದೆ. ಮೇಲೆ ನೋಡಿದ 00 00 43 66 ಎಲ್ಲಿಂದ ಬರುತ್ತದೆ ಎಂದು ಈಗ ಗೊತ್ತಾಯಿತಲ್ಲ. ಮಿತ್ಸುಬಿಷಿಯ ಎಂಸಿ ಪ್ರೊಟೊಕಾಲ್‌ನ ಬೈನರಿ ಫ್ರೇಮ್‌ನಲ್ಲಿ ವಿಳಾಸವೂ ಚಿಕ್ಕ ಬೈಟ್ ಮೊದಲು: ಎಂ100 ಎಂದರೆ 64 00 00, ಅದರ ಮುಂದೆ ಎಂ ಸಾಧನದ ಕೋಡ್ 90. ಡಿಗೆ ಆ ಕೋಡ್ ಎ8.

ಡೆಲ್ಟಾ ಡಿವಿಪಿ ಸರಣಿಯ ಹೆಸರುಗಳು ಮಿತ್ಸುಬಿಷಿಯಂತೆಯೇ, ಮಾತು ಮಾತ್ರ ಮಾಡ್‌ಬಸ್. ಒಳಗಿನ ಹೆಸರಿಗೂ ಮಾಡ್‌ಬಸ್ ವಿಳಾಸಕ್ಕೂ ನಡುವೆ ಒಂದು ಮೂಲ ಸಂಖ್ಯೆ ಇದೆ. ಡಿ0 ಹೆಕ್ಸ್ 1000ದಲ್ಲಿ, ಅಂದರೆ 4096ರಲ್ಲಿ ಶುರು. ಡಿ100 ಬೇಕಾದರೆ 4196 ಕೇಳಬೇಕು. ಹೆಸರಿನಲ್ಲಿ ಹೇಳುವುದಾದರೆ 44197. ಎಂ0 ಹೆಕ್ಸ್ 0800, ಅಂದರೆ 2048. ವೈ0 ಹೆಕ್ಸ್ 0500, ಅಂದರೆ 1280. ವೈ10 ಆಕ್ಟಲ್ ಆಗಿರುವುದರಿಂದ 1280ಕ್ಕೆ 8 ಕೂಡಬೇಕು, 10 ಅಲ್ಲ. ಶ್ನೈಡರ್‌ನಲ್ಲಿ ಇಷ್ಟೆಲ್ಲ ಇಲ್ಲ: %ಎಂಡಬ್ಲ್ಯೂ0 ಎಂದರೆ ನೇರವಾಗಿ 40001.

ಒಮ್ರಾನ್. ಫಿನ್ಸ್ ಪ್ರೊಟೊಕಾಲ್, ಪೋರ್ಟ್ 9600. ವಿಳಾಸ ಬರೆಯುವ ರೀತಿ ಇಲ್ಲಿ ನನಗೆ ತುಂಬಾ ಇಷ್ಟ, ಅಷ್ಟು ಸ್ಪಷ್ಟವಾಗಿದೆ. ಒಂದು ಬೈಟ್ ಏರಿಯಾ ಕೋಡ್, ಎರಡು ಬೈಟ್ ವರ್ಡ್ ನಂಬರ್, ಒಂದು ಬೈಟ್ ಬಿಟ್ ನಂಬರ್. ಡಿ100 ವರ್ಡ್ ಬೇಕಾದರೆ 82 00 64 00. ಸಿಐಒ 100.05 ಎಂಬ ಬಿಟ್ ಬೇಕಾದರೆ 30 00 64 05. ಬಿಟ್‌ಗಳು 00ಯಿಂದ 15. ಒಂದೇ ಎಚ್ಚರಿಕೆ: ಒಮ್ರಾನ್‌ನಲ್ಲಿ ಅನೇಕ ಬೆಲೆಗಳು ಬಿಸಿಡಿ ರೂಪದಲ್ಲಿ (ಪ್ರತಿ ಡೆಸಿಮಲ್ ಅಂಕಿಗೆ ನಾಲ್ಕು ಬಿಟ್) ಇರುತ್ತವೆ. ಯಂತ್ರದ ಪರದೆ 1234 ತೋರಿಸುವಾಗ ನಿಮಗೆ 4660 ಬಂದರೆ, ಅದೇ ಬಿಸಿಡಿಯನ್ನು ನೀವು ಸಾಮಾನ್ಯ ಬೈನರಿಯಾಗಿ ಓದಿದ್ದೀರಿ.

ಅಲೆನ್ ಬ್ರಾಡ್ಲಿ. ಎಸ್‌ಎಲ್‌ಸಿ 500 ಕಾಲದವುಗಳಲ್ಲಿ ಡೇಟಾ ಫೈಲ್ ಪದ್ಧತಿ: ಎನ್7:0 ಎಂದರೆ 7ನೇ ಫೈಲ್, ಇಂಟಿಜರ್, ಸೊನ್ನೆಯನೇ ಅಂಶ. ಬಿ3 ಬಿಟ್‌ಗಳ ಫೈಲ್, ಎಫ್8 ಫ್ಲೋಟ್‌ಗಳದ್ದು. ಬಿ3:1/0 ಮತ್ತು ಬಿ3/16 ಎರಡೂ ಒಂದೇ ಬಿಟ್. ಲಾಜಿಕ್ಸ್ ಸರಣಿಯಲ್ಲಿ ವಿಳಾಸವೇ ಇಲ್ಲ, ಟ್ಯಾಗ್‌ನ ಹೆಸರಿನ ಅಕ್ಷರಗಳೇ ತಂತಿಯ ಮೇಲೆ ಹೋಗುತ್ತವೆ, ಪೋರ್ಟ್ 44818. ಹೆಸರು ಸರಿಯಿದ್ದೂ ಓದಲಾಗದಿದ್ದರೆ ಆ ಟ್ಯಾಗ್‌ನ ಎಕ್ಸ್‌ಟರ್ನಲ್ ಆಕ್ಸೆಸ್ ‘ನನ್’ ಆಗಿದೆಯೇ ನೋಡಿ.

ಕೋಡೆಸಿಸ್ ಮೇಲೆ ಓಡುವ ಪಿಎಲ್‌ಸಿಗಳಲ್ಲಿ %ಎಂಡಬ್ಲ್ಯೂ1 ನೋಡಲು ಸೀಮೆನ್ಸ್‌ನಂತೆಯೇ ಇದೆ. ಆದರೆ ಅಲ್ಲಿ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಣಿಕೆ ವರ್ಡ್‌ನದ್ದು: %ಎಂಡಬ್ಲ್ಯೂ1 ಎಂದರೆ 2 ಮತ್ತು 3ನೇ ಬೈಟ್, %ಎಂಡಿ1 ಎಂದರೆ 4ರಿಂದ 7. ಸೀಮೆನ್ಸ್ ಕಲಿತವರ ಕೈ ಇಲ್ಲಿ ಅಭ್ಯಾಸಬಲದಿಂದ ಎರಡೆರಡು ಬಿಟ್ಟು ಬರೆಯುತ್ತದೆ. ಬರೀ ವರ್ಡ್‌ಗಳಿದ್ದರೆ ಅದರಿಂದ ಹಾನಿ ಇಲ್ಲ, ಮೆಮೊರಿ ಖಾಲಿ ಬಿಡುತ್ತದೆ ಅಷ್ಟೇ. ಕೋಡೆಸಿಸ್ ಕಲಿತವರು ಸೀಮೆನ್ಸ್‌ಗೆ ಬಂದರೆ ಮಾತ್ರ ಬೆಲೆಗಳು ಒಂದರ ಮೇಲೊಂದು ಬೀಳುತ್ತವೆ.

ಐದನೇ ಹಂತ: ಸೈಟಿನಲ್ಲಿ ವಿಳಾಸ ಪಕ್ಕಾ ಮಾಡಿಕೊಳ್ಳುವುದು

ಮೊದಲ ನಿಯಮ, ಓದಿ, ಬರೆಯಬೇಡಿ. ವಿಳಾಸ ಖಚಿತವಾಗುವವರೆಗೆ 05, 06, 15, 16 ಈ ಕೋಡ್‌ಗಳನ್ನು ಮುಟ್ಟಲೇಬೇಡಿ. ಒಂದು ರಿಜಿಸ್ಟರ್ ಆಚೀಚೆ ಆದರೆ ಓದುವಾಗ ತಪ್ಪು ಸಂಖ್ಯೆ ಕಾಣುತ್ತದೆ. ಬರೆಯುವಾಗ ಪಕ್ಕದ ಮೋಟರ್ ಓಡುತ್ತದೆ, ಅದರ ಹತ್ತಿರ ಒಬ್ಬರು ಕೈ ಇಟ್ಟಿರಬಹುದು.

ಎರಡನೆಯದು, ಉತ್ತರ ಮೊದಲೇ ಗೊತ್ತಿರುವ ಬೆಲೆಯಿಂದ ಶುರು ಮಾಡಿ. ಎನರ್ಜಿ ಮೀಟರ್ ಆದರೆ ಫ್ರೀಕ್ವೆನ್ಸಿಗಿಂತ ಒಳ್ಳೆಯದು ಇಲ್ಲ, ನಮ್ಮ ಗ್ರಿಡ್‌ನಲ್ಲಿ ಅದು 50ರ ಆಸುಪಾಸಿನಲ್ಲೇ ಇರುತ್ತದೆ. 50.0 ಫ್ಲೋಟ್ ಆಗಿ 42 48 00 00. ದೊಡ್ಡ ವರ್ಡ್ ಹೆಕ್ಸ್ 4248, ಡೆಸಿಮಲ್‌ನಲ್ಲಿ 16968. ಫ್ರೀಕ್ವೆನ್ಸಿ 49.75ರಿಂದ 50ರ ಒಳಗಿದ್ದರೆ 16967, 50ರಿಂದ 50.25ರ ಒಳಗಿದ್ದರೆ 16968. ಮೀಟರ್‌ನಿಂದ ನೂರು ರಿಜಿಸ್ಟರ್ ಒಟ್ಟಿಗೆ ಓದಿ, ಬರೀ ಇಂಟಿಜರ್ ಆಗಿ ತೋರಿಸಿ, ಈ ಎರಡರಲ್ಲಿ ಒಂದನ್ನು ಹುಡುಕಿ. ಸಿಕ್ಕಿದರೆ ಅದು ಫ್ರೀಕ್ವೆನ್ಸಿಯ ದೊಡ್ಡ ವರ್ಡ್. ಅದರ ವಿಳಾಸವನ್ನು ಮ್ಯಾಪ್‌ನಲ್ಲಿರುವುದಕ್ಕೆ ಹೋಲಿಸಿದರೆ ಎಣಿಕೆ 0ಯಿಂದಲೋ 1ರಿಂದಲೋ ಎಂಬುದೂ, ಯಾವ ವರ್ಡ್ ಮೊದಲು ಎಂಬುದೂ ಒಂದೇ ಏಟಿಗೆ ಗೊತ್ತಾಗುತ್ತದೆ. 4998 ಅಥವಾ 500 ಕಂಡರೆ ಆ ಮೀಟರ್ ಫ್ಲೋಟ್ ಬಳಸುತ್ತಿಲ್ಲ, ಸ್ಕೇಲ್ ಮಾಡಿದ ಇಂಟಿಜರ್ ಕಳಿಸುತ್ತಿದೆ.

ಪಿಎಲ್‌ಸಿ ಆದರೆ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಿಂದ ಗುರುತಿನ ಬೆಲೆ ಇಡಿ. ಪ್ರೋಗ್ರಾಮ್‌ನಲ್ಲಿ ಎಲ್ಲೂ ಬಳಸಿಲ್ಲ ಎಂದು ಕ್ರಾಸ್ ರೆಫರೆನ್ಸ್ ನೋಡಿ ಖಚಿತಪಡಿಸಿಕೊಂಡ ಮೂರು ರಿಜಿಸ್ಟರ್ ಆರಿಸಿ. ಅವುಗಳಲ್ಲಿ ಸಾಲಾಗಿ 1111, 2222, 3333 ಹಾಕಿ. ನಡುವಿನದನ್ನು ಹೊರಗಿನಿಂದ ಓದಿ. 2222 ಬಂದರೆ ಸರಿ. 1111 ಬಂದರೆ ಒಂದು ಹಿಂದೆ ಇದ್ದೀರಿ, 3333 ಬಂದರೆ ಒಂದು ಮುಂದೆ. ಆಮೇಲೆ ಒಂದರಲ್ಲಿ 4660 ಇಡಿ, ಅದು ಹೆಕ್ಸ್ 1234. ಓದಿದಾಗ 13330 ಬಂದರೆ ಅದು ಹೆಕ್ಸ್ 3412, ಅಂದರೆ ಬೈಟ್ ಸ್ವಾಪ್ ಆಗಿದೆ. 32 ಬಿಟ್‌ಗೆ 305419896 ಇಡಿ, ಅದು ಹೆಕ್ಸ್ 12345678. 1450709556 ಬಂದರೆ ವರ್ಡ್ ಸ್ವಾಪ್. ಹತ್ತೇ ನಿಮಿಷದ ಕೆಲಸ ಇದು, ಆದರೆ ಮುಂದಿನ ಇನ್ನೂರು ಟ್ಯಾಗ್‌ಗಳ ಮೇಲೆ ನಂಬಿಕೆ ಬರುತ್ತದೆ.

ಉತ್ತರದ ಬದಲು ತಪ್ಪಿನ ಕೋಡ್ ಬಂದರೆ ಅದನ್ನೂ ಓದಿ. ಮಾಡ್‌ಬಸ್‌ನಲ್ಲಿ ತಪ್ಪಾದಾಗ ಫಂಕ್ಷನ್ ಕೋಡ್‌ಗೆ ಹೆಕ್ಸ್ 80 ಸೇರಿ ವಾಪಸ್ ಬರುತ್ತದೆ, 03 ಕೇಳಿದರೆ 83. ಅದರ ಮುಂದಿನ ಬೈಟ್ 01 ಆದರೆ ಆ ಫಂಕ್ಷನ್ ಅದಕ್ಕೆ ಗೊತ್ತಿಲ್ಲ, 03 ಬದಲು 04 ಪ್ರಯತ್ನಿಸಿ. 02 ಆದರೆ ಆ ವಿಳಾಸ ಇಲ್ಲ. ಶುರುವಿನ ವಿಳಾಸ ಸರಿಯಿದ್ದು, ಕೇಳಿದ ಸಂಖ್ಯೆ ಮ್ಯಾಪ್‌ನ ಅಂಚು ದಾಟಿದರೂ 02 ಬರುತ್ತದೆ. ಆಗ ಒಂದೇ ರಿಜಿಸ್ಟರ್ ಕೇಳಿ ನೋಡಿ. 03 ಆದರೆ ಕೇಳಿದ ಪ್ರಮಾಣದಲ್ಲೇ ತೊಂದರೆ: ಒಂದು ಸಲಕ್ಕೆ 125 ರಿಜಿಸ್ಟರ್‌ಗಿಂತ ಜಾಸ್ತಿ, ಅಥವಾ 2000 ಕಾಯಿಲ್‌ಗಿಂತ ಜಾಸ್ತಿ ಓದಲಾಗದು. ಬರೆಯುವಾಗ ಮಿತಿ 123 ರಿಜಿಸ್ಟರ್.

ಆರನೇ ಹಂತ: ಪಿಎಲ್‌ಸಿ ಒಳಗೆ ಸಂವಹನಕ್ಕೆಂದೇ ಒಂದು ಬ್ಲಾಕ್

ಪ್ರೋಗ್ರಾಮ್ ನಿಮ್ಮ ಕೈಯಲ್ಲಿದ್ದರೆ ಸ್ಕಾಡಾಗೆ ಅಲ್ಲೊಂದು ಇಲ್ಲೊಂದು ವಿಳಾಸ ಕೊಡಬೇಡಿ. ಡಿ12, ಡಿ340, ಡಿ2071 ಎಂದು ಚದುರಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರಶ್ನೆ ಹೋಗುತ್ತದೆ, 9600 ಬಾಡ್‌ನ ಲೈನ್ ಉಸಿರು ಬಿಡಲಾಗದೆ ಒದ್ದಾಡುತ್ತದೆ. ಮಿತ್ಸುಬಿಷಿ ಆದರೆ ಡಿ1000ದಿಂದ ಡಿ1099ರವರೆಗೆ ಒಂದು ಜಾಗ ಮೀಸಲಿಡಿ (ಡೆಲ್ಟಾ ಡಿವಿಪಿಯಲ್ಲಿ ಈ ಜಾಗ ಪಿಎಲ್‌ಸಿಯ ವಿಶೇಷ ರಿಜಿಸ್ಟರ್‌ಗಳದ್ದು, ಅಲ್ಲಿ ಬೇರೆ ಜಾಗ ಆರಿಸಿ). ಹೊರಗೆ ಹೋಗಬೇಕಾದ ಬೆಲೆಗಳನ್ನೆಲ್ಲ ಪ್ರತಿ ಸ್ಕ್ಯಾನ್‌ನಲ್ಲಿ ಅಲ್ಲಿಗೆ ನಕಲು ಮಾಡಿ. ನೂರು ರಿಜಿಸ್ಟರ್ ಒಂದೇ ಪ್ರಶ್ನೆಯಲ್ಲಿ ಬರುತ್ತದೆ. ಹೊರಗಿನಿಂದ ಬರುವ ಸೆಟ್‌ಪಾಯಿಂಟ್‌ಗಳಿಗೆ ಡಿ1100ರಿಂದ ಬೇರೆ ಜಾಗ. ಓದುವುದೂ ಬರೆಯುವುದೂ ಒಂದೇ ಬ್ಲಾಕ್‌ನಲ್ಲಿ ಬೆರೆಯದಿರಲಿ.

ಕಮಾಂಡ್ ಬಿಟ್‌ಗಳನ್ನು ಒಂದೇ ವರ್ಡ್‌ನಲ್ಲಿ ತುಂಬಿ ಹೊರಗಿನಿಂದ ಬರೆಸುವಾಗ ಜಾಗ್ರತೆ. ಸ್ಕಾಡಾ ಒಂದು ಬಿಟ್ ಬದಲಿಸಲು ಇಡೀ ವರ್ಡ್ ಓದಿ, ಬಿಟ್ ಬದಲಿಸಿ, ವಾಪಸ್ ಬರೆಯುತ್ತದೆ. ಆ ನಡುವೆ ಎಚ್‌ಎಂಐಯಿಂದ ಇನ್ನೊಂದು ಬಿಟ್ ಬದಲಾಗಿದ್ದರೆ ಅದು ಅಳಿಸಿಹೋಗುತ್ತದೆ. ಉಪಕರಣಕ್ಕೆ ಫಂಕ್ಷನ್ ಕೋಡ್ 22 ಗೊತ್ತಿದ್ದರೆ ಬೇಕಾದ ಬಿಟ್ ಮಾತ್ರ ಮುಟ್ಟಬಹುದು. ಇಲ್ಲವೆಂದರೆ ಪ್ರತಿ ಕಮಾಂಡ್‌ಗೂ ಕಾಯಿಲ್ ಕೊಡಿ, ಅಥವಾ ಸ್ಕಾಡಾಗೆ ಒಂದು ವರ್ಡ್, ಎಚ್‌ಎಂಐಗೆ ಇನ್ನೊಂದು ವರ್ಡ್ ಎಂದು ಬೇರ್ಪಡಿಸಿ.

ಪಟ್ಟಿಯಲ್ಲಿ ಪ್ರತಿ ಟ್ಯಾಗ್‌ಗೂ ಪಿಎಲ್‌ಸಿ ಒಳಗಿನ ಹೆಸರು, ಫಂಕ್ಷನ್ ಕೋಡ್, ತಂತಿಯ ಮೇಲಿನ ವಿಳಾಸ ಡೆಸಿಮಲ್‌ನಲ್ಲಿ, ಡೇಟಾ ಟೈಪ್, ವರ್ಡ್ ಕ್ರಮ, ಸ್ಕೇಲ್, ಯೂನಿಟ್ ಇಷ್ಟೂ ಇರಲಿ. 40001 ರೂಪದ ಹೆಸರೂ ಬೇಕಾದರೆ ಪಕ್ಕದ ಕಾಲಂನಲ್ಲಿ ಬರೆಯಿರಿ, ಆದರೆ ಅದೊಂದನ್ನೇ ಬರೆದು ಬಿಡಬೇಡಿ.

ಬ್ಲಾಕ್‌ನ ಮೊದಲ ರಿಜಿಸ್ಟರ್ ಡಿ1000ದಲ್ಲಿ ಈ ಪಟ್ಟಿಯ ಆವೃತ್ತಿ ಸಂಖ್ಯೆ ಇಡಿ. ಎರಡನೆಯದರಲ್ಲಿ ಪ್ರತಿ ಸೆಕೆಂಡಿಗೆ ಒಂದು ಹೆಚ್ಚುವ ಕೌಂಟರ್. ಕೌಂಟರ್ ನಿಂತರೆ ಸ್ಕಾಡಾ ಹಳೆಯ ಬೆಲೆಗಳನ್ನೇ ತೋರಿಸುತ್ತಿದೆ ಎಂದು ತಿಳಿಯುತ್ತದೆ. ಮುಂದೆ ಯಾರಾದರೂ ನಡುವೆ ಒಂದು ರಿಜಿಸ್ಟರ್ ತೂರಿಸಿ ಉಳಿದವನ್ನೆಲ್ಲ ಸರಿಸಿದರೆ ಅವರು ಆವೃತ್ತಿ ಸಂಖ್ಯೆಯನ್ನೂ ಬದಲಿಸಬೇಕು. ಸ್ಕಾಡಾದಲ್ಲಿ ಆ ಸಂಖ್ಯೆ ಹೊಂದದಿದ್ದರೆ ಅಲಾರ್ಮ್ ಬರುವ ಹಾಗೆ ಮತ್ತು ಸೆಟ್‌ಪಾಯಿಂಟ್ ಬರೆಯುವುದು ನಿಲ್ಲುವ ಹಾಗೆ ಒಂದು ಸಾಲು ಸ್ಕ್ರಿಪ್ಟ್ ಹಾಕಿಡಿ.